ಒಡಕ ಗಡಿಗ್ಯಾಗಿನ ಮಂಗನ ಕೋಡು

ಮಂದಿ ಮನ್ಯಾಗ ಗಿಡಾ ಬೆಳೀತಾವ, ನನ್ನ ಮನ್ಯಾಗ ಗಿಡಾ ಗದ್ದಲಾ ಮಾಡತಾವ. ಇದೇನ ಒಂದ ಸಲದ ಮಾತಲ್ಲ. ನಾ ಹಚ್ಚಿದ ಕುಂಬಳಬಳ್ಳಿ ನಮ್ಮೂರು ತಿಕೋಂಡಿಯಿಂದ ಹೊಂಟು ಆಚಿ ಊರು ಅಸಂಗಿ ಮುಟ್ಟಿತ್ತು. ಬೇರಿಗೆ ನೀರು ಹಾಕಿದಾವ ನಾ, ಕಾಯಿ ಹರಕೊಂಡವರು ಅಸಂಗಿಯವರು. ಸುಳ್ಳಂತೀರಿ? ಕಾಯಿ ತಿಂದವರನ್ನ ಕೇಳ್ರಿ. ನಾ ಸಾಲಿ ಕಟ್ಟಿ ಹತ್ತಿದಾವಲ್ಲ, ಕುರಿ ವ್ಯಾಪಾರದಾಗ ಮುದುಕ ಆದಾವ. ನಾ ಹೇಳತೀನಿ, ಸೊಸಿ ಬರೀತಾಳ. ನಡುವ ಅಕಿ ನಕ್ಕರ ಅಕ್ಷರ ಡೊಂಕಾಗತಾವ, ಮಾತು ಡೊಂಕಿಲ್ಲ.

೧. ಬಾಯಿ ಮುಚ್ಚೂ ಶರತ್ತು

ರೂಪಾಯಿ ಹಾಕಿ ಮಾತಾಡೂ ಫೋನಿನ ಡಬ್ಬಿ ಊರಿಗೆ ಹೊಸದಾಗಿ ಬಂದ ಕಾಲ. ಬಿಳೂರ ಕಡೆ ಕಲ್ಲಮಾಳದಾಗ, ಜಾಲಿ ಕಂಟಿ ಬುಡಕ, ಗೇಣೂ ಇಲ್ಲದ ಗಿಡಾ ಸಿಕ್ತು. ಎಲಿ ಇಲ್ಲ, ಮುಳ್ಳಿಲ್ಲ. ದಪ್ಪನ ಹಸರ ಬೆರಳು ಮೂರು ನೆಲದಿಂದ ಎದ್ದಿದ್ದವು, ಅಷ್ಟ. ಕುರಿಯವರು ಇದಕ್ಕ ಮಂಗನ ಕೋಡು ಅಂತಾರ. ಮೊದಲ ಭಾಳ ಇತ್ತು, ಈಗ ಹುಡುಕಿದರೂ ಸಿಗಂಗಿಲ್ಲ. ಒಡಕ ಗಡಿಗ್ಯಾಗ ಹರಳು-ಮಣ್ಣು ತುಂಬಿ ಹಚ್ಚಿದೆ, ಜಗಲಿ ಮ್ಯಾಲಿಟ್ಟೆ.

ನನ್ನ ಜೀವದ ದೋಸ್ತ, ಊರ ಬಳಿಗಾರ, ನೋಡಿ ನಕ್ಕ. "ಅರೆ ದೋಸ್ತ, ಇದು ಗಿಡಾನೋ, ಹಲ್ಲಿ ಬಾಲಾನೋ?"

"ಇದು ಹೂ ಬಿಡತೈತಿ! ಅದರ ವಾಸನಿ ವಿಜಾಪುರ ತನಕ ಹೋಗತೈತಿ, ನೋಡಕೋತ ಇರು!" ಅಂದೆ. ಅದರ ಹೂ ನಾನೂ ಕಂಡಾವಲ್ಲ.

ಅವ ಬಿಡಲಿಲ್ಲ. ಚಾದಂಗಡಿ ಕಟ್ಟಿ ಮ್ಯಾಲ ಎಲ್ಲಾರ ಮುಂದ ಶರತ್ತು ಕಟ್ಟಿದ. ದೀಪಾವಳಿ ಒಳಗ ಹೂ ಬಿಟ್ಟರ, ಒಂದ ವರ್ಷ ನಾ ಏನ ಹೇಳಿದರೂ ಅವ "ಹೌದು, ಖರೇ ಐತಿ" ಅನ್ನಬೇಕು. ಬಿಡಲಿಲ್ಲಂದ್ರ, ಆ ಕಟ್ಟಿ ಮ್ಯಾಲ ಒಂದ ವರ್ಷ ನಾ ಬಾಯಿ ತೆರಿಯಂಗಿಲ್ಲ. ಬಾಯಿ ಮುಚ್ಚಕೊಂಡು ನಾ ಬದುಕತೀನೇನ್ರಿ?

ಮನಿಗೆ ಬಂದು ಹೇಳಿದೆ. ಹೆಂಡತಿ ಲಗೂನ ಗಡಿಗಿಗೆ ಕೈ ಮುಗದಳು.

"ಹೂ ಬಿಡಲಿ ಅಂತೇನು?"

"ಬ್ಯಾಡ ಅಂತ."

೨. ಛತ್ರಿ ದೇವರು

ಈ ಗಿಡಕ್ಕ ನೀರು ವಿಷ. ನಮ್ಮ ಊರಿಗೆ ನೀರು ಪುಣ್ಯ. ಟ್ಯಾಂಕರ್ ನೀರು ಕುಡಿಯೂ ಮಂದಿ ನಾವು, ಒಂದ ಹನಿ ಸುಮ್ಮನ ಚೆಲ್ಲಂಗಿಲ್ಲ. ಜಗಲಿಗೆ ಬಂದು ನೀರು ಕುಡದವರೆಲ್ಲಾ ತಂಬಿಗ್ಯಾಗ ಉಳದದ್ದನ್ನ "ಅಯ್ಯ ಪಾಪ, ಬಾಯಾರೇತಿ" ಅಂತ ನನ್ನ ಗಡಿಗಿಗೆ ಸುರವತಿದ್ರು. ಬಳಿಗಾರಂತೂ ತನ್ನ ಮನಿಯಿಂದ ಕೊಡಾನ ತರತಿದ್ದ. "ಪುಣ್ಯದ ಕೆಲಸಾ ದೋಸ್ತ!"

ಹಳೀ ಛತ್ರಿ ಹುಡುಕಿ ಗಡಿಗಿ ಮ್ಯಾಲ ಕಟ್ಟಿದೆ. ಮರುದಿನ ಟ್ಯಾಂಕರ್ ಡ್ರೈವರ್ ಬಂದ, ಹೊಸಬ. ಜಗಲಿ ನೋಡಿದ, ಛತ್ರಿ ನೋಡಿದ, ಕೆಳಗ ಎದ್ದ ಮೂರ ಹಸರ ಬೆರಳು ನೋಡಿದ. ಚಪ್ಪಲಿ ಬಿಟ್ಟ. ನಾ ಒಳಗಿಂದ "ಏ, ಏ!" ಅನ್ನೂದರಾಗ ಒಂದ ಕೊಡ ಅಭಿಷೇಕ ಆಗಿ ಹೋಗಿತ್ತು.

"ಆಜೋಬಾ, ಇದು ಯಾವ ದೇವರು?" ಅಂತ, ಅಜ್ಜಗ ಆಜೋಬಾ ಅನ್ನೂ ಮರಾಠಿಯೊಳಗ ಕೇಳಿದ.

"ನೀರ ಹಾಕಿದರ ಸಿಟ್ಟಾಗೂ ದೇವರಪಾ!" ಅಂತ ಒದರಿದೆ.

ಪಾಪ, ಭಾಳ ಅಂಜಿದ. ದೇವರ ಸಿಟ್ಟು ಇಳಿಲಿ ಅಂತ ಇನ್ನೊಂದ ಕೊಡ ಸುರವಿದ.

೩. ಬೀಗರ ಪ್ರಸಾದ

ಒಂದ ಬೆರಳು ಕೊಳತು ಹೋತು. ಮಣ್ಣು ಬದಲಿಸಿ, ಗಡಿಗೀನ ಒಳಗಿನ ಕಿಟಕ್ಯಾಗ ಬಿಸಲಿಗಿಟ್ಟು ಉಳದೆರಡು ಬದುಕಿಸಿದೆ. ಅಷ್ಟರಾಗ ಮಗಳ ಮಾವ, ಅಸಂಗಿಯ ಬೀಗರು, ಹೇಳದ ಕೇಳದ ಬಂದ್ರು. ಜನ್ಮಾ ಎಲ್ಲಾ ಕುರಿ ಕಾಯ್ದವರು. "ಬರ್ರಿ, ಕುಂದ್ರಿ" ಅಂದು ಹೆಂಡತಿ ರೊಟ್ಟಿ, ಶೇಂಗಾ ಹಿಂಡಿ ಬಡಿಸಿದಳು. ನಾ ಕೈ ತೊಳಕೊಂಡ ಬರೂದರಾಗ ಬೀಗರು ಕಿಟಕಿಗೆ ಕೈ ಚಾಚಿ, ಒಂದ ಬೆರಳು ಚಟಕ್ಕನ ಮುರದು, ಉಪ್ಪು ಹಚ್ಚಿ ಕರಕರ ಕಡಿಯಾಕ ಹತ್ತಿದ್ರು! ಮಾಳದಾಗ ಬಾಯಾರಿದರ ಕುರಿಯವರು ಇದನ್ನ ತಿಂತಾರ. ನನಗ ನೆನಪ ಇರಲಿಲ್ಲ, ಅವರಿಗೆ ಇತ್ತು.

"ಆಹಾ! ಎಷ್ಟ ವರ್ಷ ಆಗಿತ್ತರಿ ಬೀಗರ! ನನಗಂತನ ಬೆಳಸೀರಿ?"

ಮಗಳ ಕೊಟ್ಟ ಮನಿ. ಏನನ್ನಲಿ? "ಹೂಂರಿ, ನಿಮಗಂತನ."

"ಹಂಗಾದ್ರ ಇನ್ನೊಂದೂ..." ಅಂತ ಮತ್ತ ಕೈ ಚಾಚಿದ್ರು.

"ಅದು ದೇವರ್ರಿ!" ಅಂದಬಿಟ್ಟೆ. "ಬೇಕಾದ್ರ ಟ್ಯಾಂಕರ್ ಡ್ರೈವರನ್ನ ಕೇಳ್ರಿ!"

ಬೀಗರು ಚಾಚಿದ ಕೈ ಹಣಿಗೆ ಹಚ್ಚಿಕೊಂಡ್ರು. "ಹಂಗಾದ್ರ ನಾ ತಿಂದದ್ದು ಪ್ರಸಾದ," ಅಂದು, ಕಣ್ಣ ಮುಚ್ಚಿ ಉಳದದ್ದನ್ನೂ ನುಂಗಿದ್ರು.

೪. ಸತ್ತ ಇಲಿ

ಉಳದದ್ದು ಒಂದ ಬೆರಳು. ಬೀಗರ ಕೈಗೆ ಸಿಗಬಾರದಂತ ಗಡಿಗೀನ ಮಾಡಿಗೆ ಹತ್ತಿದ ಬೆಳಕಿಂಡ್ಯಾಗ ಏರಿಸಿದೆ. ದಿನಾ ನಿಚ್ಚಣಿಕಿ ಹತ್ತಿ ನೋಡಿದೆ, ಬ್ಯಾಸರಾಗಿ ಬಿಟ್ಟೆ. ದೀಪಾವಳಿ ಬಾಗಲಿಗೆ ಬಂತು. ಕಟ್ಟಿ ಮ್ಯಾಲಿನವರು, "ಹೇಳೂದೆಲ್ಲಾ ಹೇಳಿ ಮುಗಸ್ರಿ ಅಜ್ಜಾರ, ಮುಂದ ಬಾಯಿಗೆ ಸೂಟಿ!" ಅಂತ ಚಾ ಕುಡಿಸಾಕ ಹತ್ತಿದ್ರು.

ಒಂದ ಮುಂಜಾನಿ ಮನಿ ತುಂಬ ದುರ್ನಾತ. "ಇಲಿ ಸತ್ತೈತಿ!" ಅಂದಳು ಹೆಂಡತಿ. ಜ್ವಾಳದ ಚೀಲಾ ಎತ್ತಿದಿವಿ, ಹಾಸಗಿ ಜಾಡಿಸಿದಿವಿ, ಒಲಿ ಬೂದಿ ಸೈತ ಕೆದರಿದಿವಿ. ಇಲಿ ಇಲ್ಲ. ನನ್ನ ಸೋಲ ನೋಡಾಕ ಬಂದ ಬಳಿಗಾರನೂ ಮೂಗಿಗೆ ಅರಿವಿ ಕಟ್ಟಿಕೊಂಡು ಹುಡುಕಾಕ ನಿಂತ. ನೊಣಾ ಎಲ್ಲಾ ಮ್ಯಾಲ ಹೊಂಟಿದ್ದು ಅವನ ಕಣ್ಣಿಗೆ ಬಿತ್ತು. ನಿಚ್ಚಣಿಕಿ ಹತ್ತಿದ.

"ಯಾ ಅಲ್ಲಾ!"

"ಇಲಿ ಸಿಕ್ತೇನೋ?"

ಅವ ಮೂಗಿನ ಅರಿವಿ ಒತ್ತಿ ಹಿಡದು, ಮತ್ತೊಮ್ಮೆ ಬಗ್ಗಿ ನೋಡಿದ. ಆಮ್ಯಾಲ ಸಣ್ಣ ದನಿ ಬಂತು. "ಇಲಿ ಅಲ್ಲೋ ದೋಸ್ತ... ಹೂ."

ಅಂಗಿ ಗುಂಡಿಯಷ್ಟ ಹೂ, ಕರಿಗೆಂಪು ಬಣ್ಣ, ನಾತ ಸತ್ತ ಇಲೀದು. ಮ್ಯಾಲ ಅವ ಒಬ್ಬನ ಇದ್ದ. ಚಿವುಟಿ ಕಿಸೇದಾಗ ಹಾಕ್ಕೊಂಡಿದ್ರ ನನ್ನ ಬಾಯಿಗೆ ಬೀಗ ಬೀಳತಿತ್ತು. ಹಾಕ್ಕೊಳ್ಳಲಿಲ್ಲ, ದೋಸ್ತ ಅಂದ್ರ ದೋಸ್ತ! ಅವನ್ನ ಕೇಳಿದರ, "ಆ ಕಿಸೆ ಕಟಗೊಂಡು ಮನಿಗೆ ಹೋದ್ರ ಬೀಬಿ ಒಳಗ ಬಿಡತಿದ್ದಳೇನೋ?" ಅಂತಾನ.

ಅವತ್ತ ಸಂಜಿಗೆ ಕಟ್ಟಿ ಮ್ಯಾಲ ನಾ ಎದಿ ಉಬ್ಬಿಸಿ ಕುಂತೆ. "ಅದರ ವಾಸನಿಗೆ ವಿಜಾಪುರದ ಬಸ್ಸು ನಡುದಾರ್ಯಾಗ ನಿಂತು, ಮಂದಿ ಮೂಗ ಹಿಡಕೊಂಡು ಇಳದ್ರು!"

ಬಳಿಗಾರ ತಲಿ ಬಗ್ಗಿಸಿದ. "ಹೌದು, ಖರೇ ಐತಿ."

"ನನ್ನ ಕುಂಬಳಬಳ್ಳಿ ಅಸಂಗಿ ಮುಟ್ಟಿತ್ತು!"

"ಹೌದು, ಖರೇ ಐತಿ."

ಹಿಗ್ಗಿನಾಗ ಮನಿಗೆ ಬಂದು ಹೆಂಡತಿಗೆ ಹೇಳಿದೆ: "ನೋಡಿದಿ? ನಾ ಆಡಿದ ಮಾತು ಕಡೀಕ ಹೂ ಬಿಟ್ಟಿತು."

ಅಕಿ ಮೂಗಿಗೆ ಹಿಡದ ಸೆರಗ ತೆಗೀಲಿಲ್ಲ. "ಅದ ಹೇಳತೀನಿ. ಇಷ್ಟ ವರ್ಷ ನಿಮ್ಮ ಮಾತು ಬರೇ ಕೇಳಬೇಕಿತ್ತು. ಇನ್ನ ಮೂಸಲೂ ಬೇಕು."