ಹೊಲಿಗೆ ಹಾಕದ ಆಪರೇಷನ್

ಹೊಟ್ಟೆ ಕೊಯ್ಯಲಿಲ್ಲವೆಂದು ಡಾಕ್ಟರ ಮೇಲೆ ಮುನಿಸಿಕೊಂಡವರನ್ನು ನೀವು ನೋಡಿದ್ದೀರಾ? ನಾನು ನೋಡಿದ್ದೇನೆ: ಭಾಲ್ಕಿಯ ನಮ್ಮ ಕಾಕಾ! ನಲವತ್ತು ವರ್ಷದಿಂದ ದರ್ಜಿ. ತಾವು ತೊಡುವುದು ಬಿಳಿ ಪೈಜಾಮ ಮಾತ್ರ; ಬಣ್ಣದ್ದು ತೊಟ್ಟವನನ್ನು ಕಂಡರೆ, ಯಾವ ಬ್ಯಾಂಡ್ ಕಂಪನಿಯವನೆಂದು ವಿಚಾರಿಸುವರು.

ಹೋದ ವರ್ಷ ಅವರ ಮೂತ್ರದಲ್ಲಿ ರಕ್ತ ಬಿತ್ತು. ಬೀದರಿನ ಆಸ್ಪತ್ರೆಯಲ್ಲಿ ಮೂತ್ರದ ದಾರಿಯಿಂದಲೇ ದುರ್ಬೀನು ತೂರಿಸಿ, ಮೂತ್ರಕೋಶದ ಗಡ್ಡೆ ಕೆರೆದು ತೆಗೆದರು. ಅದು ಕ್ಯಾನ್ಸರ್. ಮತ್ತೆ ಬೆಳೆಯಬಹುದು, ಮೂರು ತಿಂಗಳಿಗೊಮ್ಮೆ ಬಂದು ತೋರಿಸಲೇಬೇಕು ಎಂದು ಡಾಕ್ಟರು ಒತ್ತಿ ಹೇಳಿದರು. ಕಾಕಾ ಹೊಟ್ಟೆ ಸವರಿ ನೋಡಿಕೊಂಡರು: ಗಾಯವಿಲ್ಲ, ಹೊಲಿಗೆಯಿಲ್ಲ!

ನೋಡಲು ಬಂದವರಿಗೆ ತೋರಿಸುವುದಾದರೂ ಏನು? ಔರಾದದ ಬೀಗರು ಅಂಗಿ ಎತ್ತಿ ತಮ್ಮ ಅಪೆಂಡಿಕ್ಸಿನ ಹೊಲಿಗೆ ತೋರಿಸಿ ಮೆರೆದರು. ಕಾಕಾ ಕನ್ನಡಕ ಏರಿಸಿ ಪರೀಕ್ಷಿಸಿ, ಸೊಟ್ಟಗಿದೆ, ಬಿಚ್ಚಿಸಿ ಮತ್ತೆ ಹಾಕಿಸಿ ಎಂದರು. "ಬಿಚ್ಚಲಾರದ, ಹೊಲೀಲಾರದ ಮಾಡಿದ್ದು ಯಾವ ರಿಪೇರಿ ರಿ?" ಎಂಬುದು ಅವರ ವಾದ. ಮೂರು ತಿಂಗಳು ಕಳೆಯಿತು, ಆರೂ ಕಳೆಯಿತು. ನಾನು ಬೀದರಿನಿಂದ ಫೋನ್ ಮಾಡಿದಾಗಲೆಲ್ಲ ಲಗ್ನದ ಬಟ್ಟೆ ರಾಶಿ ಬಿದ್ದಿದೆ ಎನ್ನುತ್ತಿದ್ದರು. ನನಗೆ ಸಿಟ್ಟು ನೆತ್ತಿಗೇರುತ್ತಿತ್ತು.

ಹೋದ ವಾರ ಕಾಕಿಯ ಫೋನು: ಕಾಕಾ ನಿನಗೊಂದು ಅಂಗಿ ಹೊಲಿದಿದ್ದಾರೆ, ಒಯ್ಯಲು ಬಾ. ಹೋದರೆ, ಕಾಕಾನಿಗೆ ಆ ಅಂಗಿಯ ಸುದ್ದಿಯೇ ಗೊತ್ತಿಲ್ಲ! ಕಾಕಿ ಚಹಾ ಇಡಲು ಒಳಗೆ ನಡೆದಳು. ಆಗ ನೋಡಿದೆ, ಕಾಕಾ ತೊಟ್ಟದ್ದು ಕಪ್ಪು ಪೈಜಾಮ. ಹಗ್ಗದ ಮೇಲೆ ಇನ್ನೆರಡು ಕಪ್ಪು ಪೈಜಾಮಗಳು ಒಣಗುತ್ತಿದ್ದವು. ನನಗೆ ನಗು ಬರಲಿಲ್ಲ, ಭಯವಾಯಿತು. ರಕ್ತ ಮತ್ತೆ ಯಾವಾಗಿನಿಂದ ಎಂದು ಗದರಿದೆ.

"ಮೆಲ್ಲಕ ಮಾತಾಡಪಾ. ಬಿಳೀದರ ಮ್ಯಾಲ ರಕ್ತದ ಕಲಿ ಕಂಡ್ರ ನಿಮ್ಮ ಕಾಕಿ ಎದಿ ಒಡಕೋತಾಳ," ಎಂದರು.

ಮರುದಿನವೇ ಬೀದರಿಗೆ ಕರೆತಂದೆ. ಗಡ್ಡೆ ಮತ್ತೆ ಬೆಳೆದಿತ್ತು; ಈ ಸಲ ಆಳಕ್ಕೆ ಇಳಿದಿರಬಹುದು ಎಂದರು ಡಾಕ್ಟರು. ಇವತ್ತು ಆಪರೇಷನ್. ಒಳಗೆ ಹೋಗುವ ಮುಂಚೆ ಕಾಕಾ ಕಪ್ಪು ಪೈಜಾಮ ಮಡಚಿ ನನ್ನ ಕೈಗಿತ್ತು, ಕಾಕಿಗೆ ಕಾಣದಂತೆ ಇಡು ಎಂದರು.

ಹೊರಗೆ ಬೆಂಚಿನ ಮೇಲೆ ಕಾಕಿಯ ಪಕ್ಕ ಬಂದು ಕೂತೆ. ಬೆನ್ನ ಹಿಂದೆ ಅಡಗಿಸಿದ್ದನ್ನು ಅವಳು ಕೈಚಾಚಿ ಇಸಿದುಕೊಂಡಳು.

"ಕರಿ ಬಟ್ಟಿ ಹಿಂಡಿದ್ರ ನೀರು ಕೆಂಪಾಗ್ತದಪಾ. ಒಗ್ಯಾಕಿ ನಾನ ಅಲ್ಲೇನು? ನನ್ನ ಸಲುವಾಗಿ ಮುಚ್ಚಿಟ್ಟವರಿಗೆ ನಾ ಹ್ಯಾಂಗ ಕೇಳ್ಲಿ? ಅದಕ್ಕ ಅಂಗಿ ನೆಪ ಹೇಳಿ ನಿನ್ನ ಕರದೆ."

ಇಷ್ಟು ಹೇಳಿ, ಚೀಲದಿಂದ ಇಸ್ತ್ರಿ ಮಾಡಿದ ಬಿಳಿ ಪೈಜಾಮ ತೆಗೆದು ತೊಡೆಯ ಮೇಲಿಟ್ಟುಕೊಂಡು, ಮುಚ್ಚಿದ ಬಾಗಿಲು ನೋಡುತ್ತ ಕೂತಳು.