ಏಳರ ಮಗ್ಗಿಗೆ ಕರುವಿನ ಆಣೆ

ಆ ಶನಿವಾರ ಬೆಳಿಗ್ಗೆ ಲಕ್ಷ್ಮಯ್ಯ ಬಾಯಿ ಮುಚ್ಚಿಕೊಂಡು ಕೂತಿದ್ದರೆ ಇಷ್ಟೆಲ್ಲ ಆಗುತ್ತಲೇ ಇರಲಿಲ್ಲ.

ಸೂಲಿಬೆಲೆ ಪಕ್ಕದ ಅವನ ಹಳ್ಳಿಗೆ ಮೊಮ್ಮಗಳು ಕೀರ್ತನ ಬೇಸಿಗೆ ರಜಕ್ಕೆಂದು ಬಂದು ಕೆಲವು ವಾರಗಳಾಗಿದ್ದವು. ಮೂರನೇ ಕ್ಲಾಸು ಮುಗಿಸಿದ ಹುಡುಗಿ. ಹಿಂದೆಲ್ಲ ರಜ ಎಂದರೆ ಮಾವಿನ ತೋಪು, ಕೆರೆ, ಮೊಣಕಾಲಿನ ಗಾಯ, ಅಷ್ಟೆ. ಅಟ್ಟ ಸೇರಿದ ಸ್ಲೇಟು ಕೆಳಗಿಳಿಯುತ್ತಿದ್ದುದು ಮಳೆ ಬಿದ್ದ ಮೇಲೆ. ಈಗ ಹಾಗಲ್ಲ. ರಜದಲ್ಲಿ ಮಕ್ಕಳು ಕಲಿತದ್ದೆಲ್ಲ ಮರೆತುಬಿಡುತ್ತಾರೆಂದು ಸ್ಕೂಲಿನವರು ತಾಯಂದಿರ ಫೋನಿಗೆ ಬೆದರಿಕೆ ಕಳಿಸುತ್ತಾರೆ, ತಾಯಂದಿರು ಅದನ್ನು ಅಜ್ಜಿ ತಾತಂದಿರಿಗೆ ದಾಟಿಸುತ್ತಾರೆ.

ಲಕ್ಷ್ಮಯ್ಯನ ಮಗಳು ರಮ್ಯ ಸಂಸಾರ ಹೂಡಿದ್ದುದು ಹೊಸಕೋಟೆಯಲ್ಲಿ. ದಿನಾ ಬೆಳಿಗ್ಗೆ ವಿಡಿಯೋ ಕಾಲ್ ಮಾಡಿ ಕೀರ್ತನಳ ಹತ್ತಿರ ಮಗ್ಗಿ ಕೇಳುತ್ತಿದ್ದಳು. ಕೀರ್ತನ ಅರ್ಧ ಸರಿ ಹೇಳುತ್ತಿದ್ದಳು, ಅರ್ಧ ತಪ್ಪು. "ಪರವಾಗಿಲ್ಲ, ಇಂಪ್ರೂವ್ ಆಗ್ತಾ ಇದಾಳೆ. ಇನ್ನೊಂದು ವಾರ ಇರ್ಲಿ ಬಿಡಪ್ಪಾ," ಎಂದು ರಮ್ಯ ಫೋನಿಡುತ್ತಿದ್ದಳು.

ಆ 'ಇನ್ನೊಂದು ವಾರ'ದ ಮೇಲೆ ಲಕ್ಷ್ಮಯ್ಯನ ಬದುಕು ನಿಂತಿತ್ತು. ಕೀರ್ತನ ಇದ್ದರೆ ಹೆಂಡತಿ ಸಪ್ಪಲಮ್ಮನ ಒಲೆಯ ಮೇಲೆ ಕೋಳಿ ಸಾರು, ಕಜ್ಜಾಯ. ಅವಳು ಬಸ್ಸು ಹತ್ತಿದ ಮರುದಿನದಿಂದ ಮುದ್ದೆ, ಉಪ್ಸಾರು, ಮೇಲೆ ಸಕ್ಕರೆ ಕಾಯಿಲೆಯ ಉಪದೇಶ. ಊಟದ ಮಾತು ಹೋಗಲಿ. ತಾನು ಬಾವಿ ತೋಡಿಸಿದ ಕತೆ ಹೇಳುವಾಗ "ಆಮೇಲೆ ತಾತ?" ಎನ್ನುವ ಜೀವ ಆ ಊರಲ್ಲಿ ಅವಳೊಬ್ಬಳೇ. ಮಿಕ್ಕವರು ಆ ಕತೆ ಶುರುವಾದ ಕೂಡಲೇ ಎಮ್ಮೆ ಕಟ್ಟಿ ಬರುತ್ತೇನೆಂದು ಎದ್ದು ಹೋಗುತ್ತಿದ್ದರು, ಎಮ್ಮೆ ಇಲ್ಲದವರೂ ಕೂಡ.

ಆ ದಿನ ಎಲ್ಲ ಸರಿಯಾಗಿಯೇ ನಡೆದಿತ್ತು. "ಸೆವೆನ್ ಎಯ್ಟ್ಸ್ ಆರ್?" ಎಂದು ರಮ್ಯ ಕೇಳಿದಳು. ಕೀರ್ತನ ಸೂರು ನೋಡುತ್ತಾ ಯೋಚಿಸತೊಡಗಿದಳು. ಫೋನಿನ ಹಿಂದೆ ಕೂತಿದ್ದ ಲಕ್ಷ್ಮಯ್ಯನಿಗೆ ತಡೆಯಲಾಗಲಿಲ್ಲ. ಅವನಿಗೆ ಮಗ್ಗಿ ಬರುತ್ತಿದ್ದುದು ಐದರವರೆಗೆ. ಆರರದ್ದು ಶುರುವಾಗಬೇಕಿದ್ದ ದಿನ ಅವನಪ್ಪ ಕುರಿ ಕಾಯಲು ಎಬ್ಬಿಸಿಕೊಂಡು ಹೋಗಿದ್ದ. ಆದರೂ ಧೈರ್ಯ ಮಾಡಿ "ಅರವತ್ತು, ಮಗಾ, ಅರವತ್ತು!" ಎಂದು ಪಿಸುಗುಟ್ಟಿದ. ಅವನ ಪಿಸುಮಾತಿಗೆ ಎದುರು ಮನೆಯ ನಾಯಿ ಎದ್ದು ಕೂತಿತು.

"ಅಪ್ಪಾ!" ಫೋನು ಕಿರುಚಿತು. "ಇಷ್ಟು ದಿನ ನೀನಾ ಹೇಳ್ಕೊಡ್ತಿದ್ದಿದ್ದು? ಅದಕ್ಕೇ ಹಿಂಗಾಗಿರೋದು!"

"ಇಲ್ಲ ಕಣವ್ವ, ಇವತ್ತೊಂದಿನ..."

"ಏನೂ ಹೇಳ್ಬೇಡ. ಸಂಜೆ ಡ್ಯೂಟಿ ಮುಗಿಸ್ಕೊಂಡು ಮತ್ತೆ ಮಾಡ್ತೀನಿ. ಏಳು, ಎಂಟು, ಒಂಬತ್ತು, ಮೂರೂ ಮಗ್ಗಿ ಕೇಳ್ತೀನಿ. ಬರ್ಲಿಲ್ವಾ, ನಾಳೆ ಭಾನುವಾರ, ಬಂದು ಕರ್ಕೊಂಡು ಹೋಗ್ತೀನಿ. ಇಲ್ಲೇ ಟ್ಯೂಷನ್‌ಗೆ ಹಾಕ್ತೀನಿ."

ಕೀರ್ತನ ಸೊಂಟದ ಮೇಲೆ ಕೈಯಿಟ್ಟು ತಾತನ ಕಡೆ ತಿರುಗಿದಳು. "ನಾನು ನೋಡ್ಕೋತಿದ್ನಲ್ಲ ತಾತ! ನೀನ್ಯಾಕೆ ಮಧ್ಯಕ್ಕೆ ಬಂದೆ?"

"ಏನ್ ನೋಡ್ಕೋತಿದ್ದೆ ನೀನು, ಸೂರಲ್ಲಿ ಹಲ್ಲೀನಾ?" ಎಂದ ಲಕ್ಷ್ಮಯ್ಯ.

ಸಣ್ಣ ಊರಿನಲ್ಲಿ ಇಂಥ ಸುದ್ದಿ ಹಬ್ಬಲು ಸಾರಿಗೆ ಒಗ್ಗರಣೆ ಹಾಕುವಷ್ಟು ಹೊತ್ತು ಸಾಕು. ಮೊದಲು ಬಂದವಳು ಪಕ್ಕದ ಮನೆಯ ಗಂಗಲಕ್ಷ್ಮಮ್ಮ. ಅವಳನ್ನು ಊರು ಮರೆಯದಿರಲು ಒಂದು ಕಾರಣವಿದೆ. ಡೈರಿಯಲ್ಲಿ ಹಾಲು ಅಳೆಯುವ ಮೊದಲು ಅದರೊಳಗೆ ಲ್ಯಾಕ್ಟೋಮೀಟರ್ ಇಳಿಬಿಟ್ಟು ಡಿಗ್ರಿ ನೋಡುತ್ತಾರೆ, ನೀರು ಹೆಚ್ಚಾದರೆ ಕ್ಯಾನು ವಾಪಸ್. ಗಂಗಲಕ್ಷ್ಮಮ್ಮನ ಹಾಲಿಗೆ ದಿನಾ ನೀರು ಬೀಳುತ್ತದೆಂದು ಎಲ್ಲರಿಗೂ ಗೊತ್ತು. ಆದರೆ ಅವಳ ಕ್ಯಾನು ಒಂದು ದಿನವೂ ವಾಪಸ್ ಬಂದದ್ದಿಲ್ಲ. ಡಿಗ್ರಿ ಸರಿಯಾಗಿ ಗೆರೆಯ ಮೇಲೆ ಬಂದು ನಿಲ್ಲುತ್ತದೆ, ಹೊಸ ಸೊಸೆ ಹೊಸ್ತಿಲ ಮೇಲೆ ನಿಂತ ಹಾಗೆ. ಆ ಕೈಚಳಕ ನೋಡಲೆಂದೇ ಕೀರ್ತನ ದಿನಾ ಅವಳ ಹಿತ್ತಲಿಗೆ ಹೋಗುತ್ತಿದ್ದಳು.

"ಮಗ್ಗಿ ಬಾಯಲ್ಲಿ ಹೇಳಿದ್ರೆ ಬರಲ್ಲ ಲಕ್ಷ್ಮಯ್ಯ, ಕಣ್ಣಿಗೆ ಕಾಣ್ಬೇಕು," ಎಂದು ಅವಳು ಸೆರಗಿನಿಂದ ಅಲಸಂದೆ ಕಾಳು ಸುರಿದು, ಅಂಗಳದಲ್ಲಿ ಏಳೇಳು ಕಾಳಿನ ಗುಡ್ಡೆ ಇಡತೊಡಗಿದಳು. ಕೊನೆಯ ಗುಡ್ಡೆ ಇಟ್ಟು ತಲೆಯೆತ್ತುವಷ್ಟರಲ್ಲಿ ಮೊದಲನೆಯ ಗುಡ್ಡೆ ಕೋಳಿಯ ಹೊಟ್ಟೆಯಲ್ಲಿತ್ತು.

"ನೋಡ್ದೇನವ್ವ?" ಗಂಗಲಕ್ಷ್ಮಮ್ಮ ಸೋಲೊಪ್ಪಲಿಲ್ಲ. "ಕಳೆಯೋ ಲೆಕ್ಕಾನೂ ಇದ್ರಲ್ಲೇ ಆಗೋಯ್ತು."

ಕೋಳಿ ಅಟ್ಟಿಸುವ ಗಲಾಟೆ ಕೇಳಿ ಮುನಿಸ್ವಾಮಿ ಬಂದ. ವಿಜಯಪುರದ ಬಸ್ಸಿನಲ್ಲಿ ಕಂಡಕ್ಟರಾಗಿ ರಿಟೈರಾದವನು. ಸರ್ವಿಸ್ಸು ಮುಗಿದಿದ್ದರೂ ಗಂಟಲು ಮಾತ್ರ ಇನ್ನೂ ಡ್ಯೂಟಿಯ ಮೇಲಿತ್ತು.

"ಈ ಕಾಳು ಗೀಳು ಎಲ್ಲಾ ಬಿಡ್ರಿ. ಮಗ್ಗಿ ಅಂದ್ರೆ ರೂಟು ಇದ್ದಂಗೆ. ಒಂದು ಸ್ಟಾಪ್ ಬಿಡಂಗಿಲ್ಲ. ಹೇಳು ಮಗಾ, ಏಳೊಂದ್ಲಿ ಏಳು! ರೈಟ್! ಏಳೆರಡ್ಲಿ ಹದಿನಾಲ್ಕು! ಮುಂದೆ ಹೋಗಿ, ಮುಂದೆ ಹೋಗಿ!"

ಅವನ ಹಿಂದೆ ಕೀರ್ತನ ಅಂಗಳ ಸುತ್ತಿದಳು. ಅವಳ ಹಿಂದೆ ಕರು ಚುಕ್ಕಿ, ಚುಕ್ಕಿಯ ಹಿಂದೆ ಬೀದಿಯ ನಾಲ್ಕಾರು ಮಕ್ಕಳು. ಬಸ್ಸು ತುಂಬಿತು. ಏಳಾರ್ಲಿ ಹತ್ತಿರ ಒಬ್ಬ ಇಳಿಯಬೇಕೆಂದು ಅತ್ತ. ಮುನಿಸ್ವಾಮಿ ಬಸ್ಸು ನಿಲ್ಲಿಸಿ ಅವನನ್ನು ಇಳಿಸಿದ ಮೇಲೆ ತಾನೆಲ್ಲಿದ್ದೆನೆಂಬುದೇ ಮರೆತು, ಮತ್ತೆ ಏಳೊಂದ್ಲಿಯಿಂದ ಹೊರಟ.

"ಕನ್ನಡದಲ್ಲಿ ಹೇಳ್ಕೊಟ್ಟು ಏನು ಮಾಡ್ತೀಯೋ?" ಲಕ್ಷ್ಮಯ್ಯ ತಲೆ ಚಚ್ಚಿಕೊಂಡ. "ಅವಳಮ್ಮ ಕೇಳೋದು ಇಂಗ್ಲಿಷಲ್ಲಿ!"

"ಬಸ್ಸಿನ ಬೋರ್ಡು ಯಾವುದಾದ್ರೇನು, ರೂಟು ಒಂದೇ ಅಲ್ವಾ?" ಎಂದ ಮುನಿಸ್ವಾಮಿ.

ಇಂಗ್ಲಿಷ್ ಎಂದದ್ದೇ ತಡ, ಎದುರು ಮನೆಯ ಜಯಕುಮಾರ್ ಬೈಕಿನಿಂದ ಕಾಲು ಕೆಳಗಿಟ್ಟ. ವೈಟ್‌ಫೀಲ್ಡಿನ ಮೊಬೈಲ್ ಅಂಗಡಿಯಲ್ಲಿ ಕೆಲಸಕ್ಕಿದ್ದು ಕಲಿತು ಬಂದ ಹುಡುಗ. "ತಾತಾ, ಏನ್ ಗುರು ನೀನು, ಯಾವ ಕಾಲದಲ್ಲಿದೀಯ? ಫೋನ್ ಕೊಡಿಲ್ಲಿ. ಯೂಟ್ಯೂಬಲ್ಲಿ ಟೇಬಲ್ಸ್ ಸಾಂಗ್ ಹಾಕಿದ್ರೆ ಮಗು ಸುಮ್ನೆ ಕಲ್ತ್ಬಿಡುತ್ತೆ."

ಏಳರ ಮಗ್ಗಿಯ ಹಾಡು ಬಂತು. ಅದು ಮುಗಿದು ಎಂಟರದ್ದು ಬಂತು. ಆಮೇಲೆ ಯಾರೂ ಕೇಳದಿದ್ದರೂ ಒಂದು ಟ್ರ್ಯಾಕ್ಟರ್ ಕೆಸರಿನಿಂದ ಮೇಲೆದ್ದು ಬಂತು. ಮುನಿಸ್ವಾಮಿ "ಇರು ಇರು, ತೆಗೀಬೇಡ," ಎಂದ. ಟ್ರ್ಯಾಕ್ಟರ್ ಆದ ಮೇಲೆ ಹುಂಜದ ಕಾಳಗ, ಅದಾದ ಮೇಲೆ ಯಾರದೋ ಮದುವೆಯಲ್ಲಿ ಬೀಗರು ಹೊಡೆದಾಡಿದ್ದು. ಹಿರಿಯರೆಲ್ಲ ಫೋನಿನ ಸುತ್ತ ನೊಣದ ಹಾಗೆ ಮುತ್ತಿಕೊಂಡರು. ಬೀಗರಲ್ಲಿ ಯಾರದು ತಪ್ಪು ಎಂದು ಗಂಗಲಕ್ಷ್ಮಮ್ಮನಿಗೂ ಮುನಿಸ್ವಾಮಿಗೂ ಜಗಳ ಹತ್ತಿತು. ಕೀರ್ತನ ಮೆಲ್ಲಗೆ ಎದ್ದು ಕೊಟ್ಟಿಗೆಗೆ ಹೋಗಿ ಚುಕ್ಕಿಯ ಕಿವಿ ಕೆರೆಯುತ್ತಾ ಕೂತಳು. ಸ್ವಲ್ಪ ಹೊತ್ತಿಗೆ ಫೋನು ಕಪ್ಪಾಯಿತು.

"ಚಾರ್ಜ್ ಖಾಲಿ," ಎಂದ ಜಯಕುಮಾರ್. ಚಾರ್ಜಿಗೆ ಹಾಕೋಣವೆಂದರೆ ಕರೆಂಟೂ ಹೋಗಿತ್ತು. ಕರೆಂಟು ಬಂದ ಮೇಲೆ ಮಗು ಸುಮ್ನೆ ಕಲಿಯಲಿ ಎಂದು ಹೇಳಿ ಅವನು ಬೈಕು ಹತ್ತಿದ.

ಲಕ್ಷ್ಮಯ್ಯನ ತಾಳ್ಮೆ ಬೆಳಿಗ್ಗೆಯಿಂದ ಹಳೇ ಹಗ್ಗದಂತೆ ಎಳೆ ಎಳೆಯಾಗಿ ಬಿಚ್ಚಿಕೊಳ್ಳುತ್ತಿತ್ತು. ಈಗ ಪೂರ್ತಿ ಕಿತ್ತಿತು. ನೇರ ಕೊಟ್ಟಿಗೆಗೆ ನುಗ್ಗಿದ.

"ಇಲ್ಲಿ ನನ್ನ ಪ್ರಾಣ ಹೋಗ್ತೈತೆ, ನೀನು ಕರು ಕಿವಿ ಕೆರೀತಾ ಕೂತಿದೀಯಾ? ಇಡು, ಇದ್ರ ತಲೆ ಮೇಲೆ ಕೈ ಇಡು. ಸಂಜೆ ಅಮ್ಮನಿಗೆ ಒಂದೂ ತಪ್ಪು ಹೇಳಲ್ಲ ಅಂತ ಆಣೆ ಮಾಡು!"

ಕೀರ್ತನ ಬೆಚ್ಚಿ ಕೈ ಹಿಂದಕ್ಕೆಳೆದುಕೊಂಡಳು. "ಆಣೆ ಬೇಡ ತಾತ. ಒಂದೆರಡಾದ್ರೂ ತಪ್ಪು ಹೇಳ್ತೀನಿ."

"ಒಂದೂ ಕೂಡದು!"

"ಕೊನೇದು ಒಂದು? ಪ್ಲೀಸ್ ತಾತ. ಪೂರ್ತಿ ಸರಿ ಹೇಳಿದ್ರೆ..."

"ಪೂರ್ತಿ ಅಂದ್ರೆ ಪೂರ್ತಿ! ಚೌಕಾಸಿ ಮಾಡೋಕೆ ಇದೇನು ಸಂತೆಯಾ?"

ಒಳಗಿನಿಂದ ಸಪ್ಪಲಮ್ಮ ಕೂಗಿದಳು. "ಎಳೇ ಮಗೂ ಕೈಲಿ ದನದ ಮೇಲೆ ಆಣೆ ಹಾಕಿಸ್ತೀಯಲ್ಲ, ನಿಂಗೆ ಬುದ್ಧಿ ಇದೆಯಾ? ಆ ಮಗು ಏನೋ ಹೇಳ್ತೈತೆ, ಮೊದ್ಲು ಅದನ್ನ ಕೇಳು!"

ಲಕ್ಷ್ಮಯ್ಯ ಕೇಳುವ ಸ್ಥಿತಿಯಲ್ಲಿರಲಿಲ್ಲ. ಆ ಊರಲ್ಲಿ ದೇವರ ಮೇಲೆ ಇಟ್ಟ ಆಣೆ ಮುರಿದರೆ ತಪ್ಪುಕಾಣಿಕೆ ಕಟ್ಟಿ ಪಾರಾಗಬಹುದು, ದನದ ಮೇಲಿನ ಆಣೆಗೆ ಆ ಅನುಕೂಲವಿಲ್ಲ. ಹಿಂದೊಮ್ಮೆ ಇದೇ ಮುನಿಸ್ವಾಮಿ ಬೀಡಿ ಬಿಡುತ್ತೇನೆಂದು ಎತ್ತಿನ ಬೆನ್ನು ಮುಟ್ಟಿ ಹೇಳಿ, ವಾರದೊಳಗೆ ಬಣವೆಯ ಹಿಂದೆ ಒಂದು ಹಚ್ಚಿದ. ಎತ್ತು ಆ ಸಂಜೆಯೇ ಕುಂಟಿತು. ಲಾಳ ಸವೆದಿತ್ತು ಎಂದು ಅವನು ಇವತ್ತಿಗೂ ವಾದಿಸುತ್ತಾನೆ, ಆದರೆ ಬೀಡಿ ಮಾತ್ರ ಮುಟ್ಟಿಲ್ಲ. ಈ ಕತೆಯನ್ನು ಕೀರ್ತನಳಿಗೆ ಹೇಳಿದವನು ಲಕ್ಷ್ಮಯ್ಯನೇ.

ಹುಡುಗಿ ಚುಕ್ಕಿಯ ಮುಖ ನೋಡಿದಳು, ತಾತನ ಮುಖ ನೋಡಿದಳು. ಕಣ್ಣು ತುಂಬಿಕೊಂಡು, ಹಣೆಯ ಬಿಳಿ ಮಚ್ಚೆಯ ಮೇಲೆ ಕೈಯಿಟ್ಟು, "ಆಣೆ," ಎಂದಳು.

ಸಂಜೆಯಾದರೂ ಕರೆಂಟು ಬರಲಿಲ್ಲ. ಊರಿಗೆಲ್ಲ ಜನರೇಟರ್ ಇದ್ದದ್ದು ಡೈರಿಯಲ್ಲಿ, ಹಾಲು ತಣ್ಣಗಿಡುವ ಟ್ಯಾಂಕಿಗೆಂದು. ಲಕ್ಷ್ಮಯ್ಯ ಒಂದು ಕೈಯಲ್ಲಿ ಹಾಲಿನ ಕ್ಯಾನು, ಇನ್ನೊಂದು ಕೈಯಲ್ಲಿ ಮೊಮ್ಮಗಳನ್ನು ಹಿಡಿದುಕೊಂಡು ಅಲ್ಲಿಗೆ ಓಡಿದ. ಸೆಕ್ರೆಟರಿಯ ಕಾಲು ಹಿಡಿಯುವುದೊಂದು ಬಾಕಿ, ಫೋನು ಚಾರ್ಜಿಗೆ ಹಾಕಿಸಿದ. ಅದು ಉಸಿರು ಎಳೆದುಕೊಂಡು ಕಣ್ಣು ಬಿಡುವುದಕ್ಕೂ ರಮ್ಯಳ ಕಾಲ್ ಬರುವುದಕ್ಕೂ ಸರಿಹೋಯಿತು.

ಚಾರ್ಜರಿನ ವೈರು ಗಿಡ್ಡ. ಹಾಗಾಗಿ ಕೀರ್ತನಳನ್ನು ಡಿಗ್ರಿ ನೋಡುವ ಮೇಜಿನ ಪಕ್ಕ ಸ್ಟೂಲು ಹಾಕಿ ನಿಲ್ಲಿಸಬೇಕಾಯಿತು. ಹಾಲಿಗೆ ಬಂದವರೆಲ್ಲ ಸುತ್ತ ನಿಂತರು. ಮುಂದುಗಡೆ ಗಂಗಲಕ್ಷ್ಮಮ್ಮ, ಮುನಿಸ್ವಾಮಿ.

"ಅಪ್ಪಾ, ಏನಿದು ಜಾತ್ರೆ?"

"ಕರೆಂಟಿಲ್ಲ ಕಣವ್ವ. ನೀನು ಕೇಳು. ನಾನು ಬಾಯಿ ಬಿಡಲ್ಲ." ಹೇಳಿ ಲಕ್ಷ್ಮಯ್ಯ ಟವೆಲ್ಲನ್ನು ಬಾಯೊಳಗೆ ತುರುಕಿಕೊಂಡ.

ಏಳರ ಮಗ್ಗಿ ಶುರುವಾಯಿತು. ಕೀರ್ತನ ತಲೆ ತಗ್ಗಿಸಿ, ಬೈಸಿಕೊಳ್ಳುವವಳ ಧ್ವನಿಯಲ್ಲಿ ಹೇಳತೊಡಗಿದಳು. ಸೆವೆನ್ ಎಯ್ಟ್ಸ್ ಆರ್ ಫಿಫ್ಟಿಸಿಕ್ಸ್. ಮುಂದೆ. ಎಂಟರದ್ದೂ ಮುಗಿಯಿತು. ಒಂಬತ್ತರದ್ದನ್ನು ರಮ್ಯ ಹಿಂದುಮುಂದಾಗಿ ಕೇಳಿದಳು, ಮಧ್ಯಮಧ್ಯ ಕೇಳಿದಳು. ಹುಡುಗಿ ಒಂದು ಕಡೆಯೂ ಎಡವಲಿಲ್ಲ. ಪ್ರತಿ ಉತ್ತರಕ್ಕೂ ಮುನಿಸ್ವಾಮಿ "ರೈಟ್!" ಎಂದ. ಕೊನೆಯದಕ್ಕೆ ಡೈರಿಯೇ ಚಪ್ಪಾಳೆ ತಟ್ಟಿತು.

ಲಕ್ಷ್ಮಯ್ಯ ಬಾಯಿಂದ ಟವೆಲ್ ಕಿತ್ತು ಗಾಳಿಯಲ್ಲಿ ಬೀಸಿದ. "ಹೆಂಗೆ? ಹೆಂಗವ್ವಾ? ಇನ್ನು ರಜ ಮುಗಿಯೋವರ್ಗೂ ಇಲ್ಲೇ ಇರ್ಲಿ, ಏನಂತೀಯ?"

ಫೋನಿನೊಳಗೆ ರಮ್ಯಳ ಕಣ್ಣಲ್ಲಿ ನೀರು. "ಅಪ್ಪಾ, ನಾನು ಕನಸಲ್ಲೂ ಅಂದ್ಕೊಂಡಿರ್ಲಿಲ್ಲ. ಮಗ್ಗಿ ಪೂರ್ತಿ ಬಂದ ಮಕ್ಕಳಿಗೆ ಅಂತಲೇ ಇಲ್ಲೊಂದು ಅಬಾಕಸ್ ಕ್ಲಾಸ್ ಶುರುವಾಗ್ತಿದೆ. ಇವಳಿಗೆ ಬರಲ್ಲ ಅಂತ ಸುಮ್ನಿದ್ದೆ. ಸೋಮವಾರದಿಂದಲೇ ಸೇರಿಸ್ತೀನಿ. ನಾಳೆ ಬೆಳಿಗ್ಗೆ ಬರ್ತೀವಿ, ಬಟ್ಟೆ ಬರೆ ಜೋಡಿಸಿಟ್ಟಿರು."

ಫೋನು ಆರಿತು. ಟವೆಲ್ಲು ಲಕ್ಷ್ಮಯ್ಯನ ಕೈಯಿಂದ ಜಾರಿ ಹಾಲಿನ ಕ್ಯಾನಿಗೆ ಬಿತ್ತು.

ಕೀರ್ತನ ಸ್ಟೂಲಿನಿಂದ ಇಳಿದಳು. "ಅದಕ್ಕೇ ಹೇಳಿದ್ದು ತಾತ, ಪೂರ್ತಿ ಬೇಡ ಅಂತ."

"ನಿಂಗೆ... ಮೊದ್ಲಿಂದ ಬರ್ತಿತ್ತಾ?"

"ಸ್ಕೂಲಲ್ಲೇ ಬರ್ತಿತ್ತು. ಪೂರ್ತಿ ಬಂತು ಅಂತ ಗೊತ್ತಾದ್ರೆ ಅಬಾಕಸ್, ಏನೂ ಬರಲ್ಲ ಅಂದ್ರೆ ಟ್ಯೂಷನ್ ಅಂತ ಅಮ್ಮ ಮನೇಲಿ ಮಾತಾಡೋದು ಕೇಳಿಸ್ಕೊಂಡಿದ್ದೆ. ಅದಕ್ಕೇ ದಿನಾ ಅರ್ಧ ಅರ್ಧ ಬೆರೆಸ್ತಿದ್ದೆ." ಅವಳು ಮೇಜಿನ ಮೇಲಿನ ಲ್ಯಾಕ್ಟೋಮೀಟರ್ ಕಡೆ ಕೈ ತೋರಿಸಿದಳು. "ಗಂಗಜ್ಜಿ ನೀರು ಬೆರೆಸ್ತಾರಲ್ಲ, ವಾಪಸ್ಸೂ ಬರ್ಬಾರ್ದು, ಗಟ್ಟೀನೂ ಆಗ್ಬಾರ್ದು. ಹಂಗೆ."

ಸೆಕ್ರೆಟರಿ ನಿಧಾನವಾಗಿ ಗಂಗಲಕ್ಷ್ಮಮ್ಮನ ಕ್ಯಾನಿನ ಕಡೆ ತಿರುಗಿದ. ಗಂಗಲಕ್ಷ್ಮಮ್ಮ ಕೆಕ್ಕರಿಸಿ ನೋಡಿದ್ದು ಮಾತ್ರ ಲಕ್ಷ್ಮಯ್ಯನನ್ನು. "ಮಗ್ಗಿ ಬಿಟ್ಟು ಇದನ್ನಾ ನೀನು ಮೊಮ್ಮಗಳಿಗೆ ಹೇಳ್ಕೊಟ್ಟಿದ್ದು?"

"ನಿಜ ಹೇಳೋಕಾಗಿರ್ಲಿಲ್ವೇನೆ?" ಲಕ್ಷ್ಮಯ್ಯ ಮೊಮ್ಮಗಳ ಮುಂದೆ ಕುಸಿದು ಕೂತ. "ಮೊದ್ಲೇ ಹೇಳಿದ್ರೆ ನಾನು ಆಣೆ ಹಾಕಿಸ್ತಿದ್ನಾ?"

"ನಿನ್ನ ಪಿಸುಮಾತು ಹೊಸಕೋಟೆವರ್ಗೂ ಕೇಳುತ್ತೆ ತಾತ."

ಅಷ್ಟರಲ್ಲಿ, ಫೋನು ಆರಿದ ಕೂಡಲೇ ಸುದ್ದಿ ಸಾರಲು ಹೊರಗೆ ಓಡಿದ್ದವನು ವಾಪಸ್ ಬಂದು ಅವನ ಭುಜ ತಟ್ಟಿದ. ಮುನಿಸ್ವಾಮಿ. ಅವನ ಹಿಂದೆ ಬೆಳಿಗ್ಗೆ ಬಸ್ಸಿನಲ್ಲಿ ತುಂಬಿದ್ದ ಮಕ್ಕಳು, ಮಕ್ಕಳ ಹಿಂದೆ ಅವರ ತಾಯಂದಿರು.

"ಒಂದೇ ದಿನದಲ್ಲಿ ಮೂರು ಮಗ್ಗಿ ಬಾಯಿಪಾಠ ಮಾಡಿಸ್ದೆಯಲ್ಲ ಲಕ್ಷ್ಮಯ್ಯಣ್ಣ! ಇವರೆಲ್ಲಾ ತೀರ್ಮಾನ ಮಾಡವ್ರೆ. ನಾಳೆ ಹೆಂಗೂ ಮನೆ ಖಾಲಿ. ರಜ ಮುಗಿಯೋವರ್ಗೂ ಈ ಹೈಕ್ಳನ್ನ ನಿನ್ ಅಂಗಳಕ್ಕೆ ಕಳಿಸ್ತಾರೆ."

"ಲೇ, ನಂಗೆ ಬರೋದೇ ಐದರ ಮಗ್ಗಿ ಕಣೋ!"

"ನಿಂಗ್ಯಾಕೆ ಬರ್ಬೇಕು?" ಎಂದ ಮುನಿಸ್ವಾಮಿ. "ಚುಕ್ಕಿ ಐತಲ್ಲ."