ಅಂಟುವಾಳದಲ್ಲಿ ಮಿಂದ ಲಿಬರ್ಟಿ

ಕಳೆದ ವರಮಹಾಲಕ್ಷ್ಮಿ ಹಬ್ಬದ ಶುಕ್ರವಾರ, ಬೆಳಿಗ್ಗೆ ಒಂಬತ್ತೂವರೆಗೆ, ಮಿಷಿಗನ್ನಿನ ವೆಸ್ಟ್ ಬ್ಲೂಮ್‌ಫೀಲ್ಡಿನ ಒಂದು ಅಡುಗೆಮನೆಯ ಸಿಂಕಿನಲ್ಲಿ 1807ರ ಅಮೆರಿಕನ್ ಚಿನ್ನದ ನಾಣ್ಯವೊಂದು ಹಾಳಾಯಿತು. ಹಾಳು ಮಾಡಿದ್ದು ನಾನು. ಆಯುಧ: ಹಳೆಯ ಟೂತ್‌ಬ್ರಷ್.

ನಾಣ್ಯ ನಮ್ಮ ಭಾವನದು. ಅಕ್ಕನ ಗಂಡ, ಕಾರು ಕಂಪನಿಯಲ್ಲಿ ಬ್ರೇಕು ವಿನ್ಯಾಸ ಮಾಡಿ ನಿವೃತ್ತರಾದವರು. ಇನ್ನೂರು ವರ್ಷ ದಾಟದ ಯಾರ ಮೇಲೂ ಅವರಿಗೆ ಗೌರವವಿಲ್ಲ ಎಂದು ಅಕ್ಕನ ದೂರು. ನಾವ್ಯಾರೂ ಇನ್ನೂ ಅರ್ಹರಾಗಿಲ್ಲ!

ಅವರು ನಾಣ್ಯ ತೋರಿಸುವಾಗ ಮಾತಾಡುವಂತಿಲ್ಲ. ಉಗುಳಿನ ಹನಿ ಬಿದ್ದರೆ ಕಲೆಯಾಗುತ್ತದಂತೆ.

"ಚೆನ್ನಾಗಿದೆ ಅಂತಾದ್ರೂ ಹೇಳ್ಬಹುದಾ ಭಾವ?"

"ಹೇಳು. ಆ ಕಡೆ ತಿರುಗಿ ಹೇಳು."

ನಾನು ಫ್ರಿಜ್ಜಿಗೆ ಹೇಳಿದೆ.

ಷಿಕಾಗೋ ಹತ್ತಿರದ ನಮ್ಮ ಮನೆಗೆ ಅವರು ಬರುವುದು ನಾಣ್ಯಗಳ ಮೇಳಕ್ಕೆ. ಅಕ್ಕನಿಗೆ ಹೇಳುವುದು ಲೆಮಾಂಟ್ ದೇವಸ್ಥಾನಕ್ಕೆ ಎಂದು. ಸುಳ್ಳಾಗಬಾರದೆಂದು ದೇವಸ್ಥಾನಕ್ಕೂ ಹೋಗುತ್ತಾರೆ. ಹನ್ನೊಂದು ವರ್ಷ ಹುಡುಕಿದ ಈ ನಾಣ್ಯ ಕೊನೆಗೂ ಸಿಕ್ಕ ದಿನ ಅರ್ಚನೆಗೆ ನಿಂತರು.

"ಯಾರ ಹೆಸರಿಗೆ?" ಅರ್ಚಕರು ಕೇಳಿದರು.

"ಲಿಬರ್ಟಿ."

ನಾಣ್ಯದ ಮೇಲೆ ಟೋಪಿ ಹಾಕಿಕೊಂಡಿರುವ ಹೆಂಗಸು ಆಕೆಯೇ. ಸುತ್ತ ಚುಕ್ಕಿಗಳನ್ನು ಕೊರೆದಿದ್ದಾರೆ.

"ನಕ್ಷತ್ರ?"

"ಹದಿಮೂರಿವೆ."

ಅರ್ಚಕರು ನನ್ನತ್ತ ನೋಡಿದರು. ಪತ್ರಿಕೆಯಲ್ಲಿ ಮೂವತ್ತು ವರ್ಷ ದುಡಿದವಳು ನಾನು, ಪ್ರತಿಕ್ರಿಯಿಸಲು ನಿರಾಕರಿಸಿದೆ.

ಡೆಟ್ರಾಯಿಟ್ ಬಳಿಯ ಅವರ ನಾಣ್ಯ ಕ್ಲಬ್ಬಿನಲ್ಲಿ ಹೊಸಬರಿಗೆ ಪಾಠ ಹೇಳುತ್ತಿದ್ದುದು ಭಾವನೇ. ಆ ತರಗತಿಯೆಂದರೆ ಅವರಿಗೆ ಪ್ರಾಣ. ಅದಕ್ಕಾಗಿ ಶರ್ಟಿಗೆ ಇಸ್ತ್ರಿ ಕೂಡ ಹಾಕಿಕೊಳ್ಳುತ್ತಿದ್ದರು! ಮೊದಲ ಪಾಠ: ಹಳೆಯ ನಾಣ್ಯವನ್ನು ತೊಳೆಯಬೇಡಿ. ಉಜ್ಜಿದರೆ ಮೈಮೇಲೆ ಗೀರು ಬೀಳುತ್ತದೆ, ಕಾಲ ಕೊಟ್ಟ ಬಣ್ಣ ಹೋಗುತ್ತದೆ, ಸಂಗ್ರಾಹಕರ ಪಾಲಿಗೆ ಅದು ಸತ್ತಂತೆ. ಈ ಪಾಠವನ್ನು ಮನೆಯವರಿಗೂ ಹೇಳಬೇಕೆಂದು ಅವರಿಗೆ ಹೊಳೆದಿರಲಿಲ್ಲ. ಕೇಳಬೇಕೆಂದು, ಜೀವನವಿಡೀ ಪ್ರಶ್ನೆ ಕೇಳಿಯೇ ಸಂಬಳ ಪಡೆದ ನನಗೂ ಹೊಳೆಯಲಿಲ್ಲ.

ಹಬ್ಬಕ್ಕೆ ನಾನು ಮಿಷಿಗನ್ನಿಗೆ, ಅಕ್ಕನ ಮನೆಗೆ ಹೋಗಿದ್ದೆ. ಬೆಳಿಗ್ಗೆ ಅಕ್ಕ ಬಳೆ, ಸರಗಳ ಬಟ್ಟಲು ಕೊಟ್ಟಳು. "ಅಂಟುವಾಳದ ಪುಡಿ ಹಾಕಿ ಉಜ್ಜೇ, ದೇವರ ಮುಂದೆ ಇಡ್ಬೇಕು." ಪಕ್ಕದ ಬೆಳ್ಳಿ ತಟ್ಟೆಯಲ್ಲಿ, ಭಾವ ಪೂಜೆಗೆಂದು ತಂದಿಟ್ಟಿದ್ದ ನಾಣ್ಯ. ಅಂಚೆಲ್ಲ ಕಂದು, ಟೋಪಿಯ ಮಡಿಕೆಯಲ್ಲಿ ಕೊಳೆ. ಲಕ್ಷ್ಮಿಯ ಮುಂದೆ ಸ್ನಾನವಿಲ್ಲದ ಹೆಂಗಸೇ? ಹತ್ತು ನಿಮಿಷ ಚೆನ್ನಾಗಿ ತಿಕ್ಕಿದೆ.

"ಭಾವ, ನೋಡಿ!"

ಭಾವ ಭೂತಗನ್ನಡಿ ಹಿಡಿದು ಬಹಳ ಹೊತ್ತು ನೋಡಿದರು.

"ಪಳಪಳ ಅಂತಿದೆಯಮ್ಮ," ಎಂದರು. ಆರತಿ ತೆಗೆದುಕೊಂಡರು, ಒಬ್ಬಟ್ಟು ತಿಂದರು. ನಾನು ಅದನ್ನು ಹೊಗಳಿಕೆ ಎಂದೇ ದಾಖಲಿಸಿಕೊಂಡೆ. "ನಾನೇ ತೊಳೆದದ್ದು" ಎಂದು ಬರೆದು ಮನೆಯವರ ವಾಟ್ಸಾಪ್ ಗುಂಪಿಗೆ ಫೋಟೊವನ್ನೂ ಹಾಕಿದೆ!

ಎರಡು ತಿಂಗಳ ನಂತರ, ಆನ್ ಆರ್ಬರಿನಲ್ಲಿ ಓದುವ ಅವರ ಮಗಳು ಆ ಫೋಟೊ ನೋಡಿ ಫೋನ್ ಮಾಡಿದಳು. "ಚಿಕ್ಕಮ್ಮ, ಯೂ ವಾಶ್ಡ್ ಇಟ್? ಅಪ್ಪ ಟೋಲ್ಡ್ ದ ಕ್ಲಬ್ ಹೀ ಡಿಡ್!"

ಹಬ್ಬದ ಮುಂದಿನ ವಾರದ ಸಭೆಯಲ್ಲಿ ನಾಣ್ಯ ತೋರಿಸುತ್ತೇನೆಂದು ಭಾವ ಮೊದಲೇ ಮಾತು ಕೊಟ್ಟಿದ್ದರಂತೆ. ತೋರಿಸಿದರು. ತೊಳೆದವರಾರು ಎಂದು ಕೇಳಿದಾಗ "ನಾನೇ" ಎಂದರು. ಪಾಠ ಹೇಳುವವರೇ ತೊಳೆದರೆ ಹೇಗೆ? ತರಗತಿಯನ್ನು ಬೇರೊಬ್ಬರಿಗೆ ವಹಿಸಲಾಯಿತು.

ತಕ್ಷಣ ಭಾವನಿಗೆ ಫೋನ್ ಮಾಡಿದೆ. "ನನ್ನ ಹೆಸರು ಯಾಕೆ ಹೇಳ್ಲಿಲ್ಲ ಭಾವ?"

"ನಿನ್ನ ಹೆಸರು ಉದ್ದ ಕಣಮ್ಮ. ಅವರಿಗೆಲ್ಲ ಯಾರು ಸ್ಪೆಲ್ ಮಾಡಿ ಹೇಳೋದು?"

ಕಳೆದ ಸೋಮವಾರ ಕ್ಲಬ್ಬಿನ ಕಾರ್ಯದರ್ಶಿಗೆ ಈಮೇಲ್ ಬರೆದೆ. ತೊಳೆದದ್ದು ನಾನು ಎಂದು, ದಿನ, ಸಮಯ, ಸ್ಥಳ ಸಹಿತ. ಬುಧವಾರ ಉತ್ತರ ಬಂತು: "ನಾದಿನಿಯಿಂದ ಇಂಥದೊಂದು ಪತ್ರ ಬರಬಹುದು, ಅವಳದು ಬಹಳ ಒಳ್ಳೆಯ ಮನಸ್ಸು, ನಂಬಬೇಡಿ ಎಂದು ನಿಮ್ಮ ಭಾವ ನಮಗೆ ಮೊದಲೇ ತಿಳಿಸಿದ್ದಾರೆ."